ದಂತ ಚಿಕಿತ್ಸಾಲಯದ ಕುರ್ಚಿಯ ನೀರನ್ನು ಶುದ್ಧವಾಗಿಡುವುದು ಹೇಗೆ?

ಕೈಗವಸು, ಮಾಸ್ಕ್, ಉಪಕರಣಗಳನ್ನು ಬಿಸಿ ಹಬೆಯಿಂದ ಕ್ರಿಮಿರಹಿತಗೊಳಿಸುವ ಆಟೊಕ್ಲೇವ್‌ಗಳ ವಿಷಯದಲ್ಲಿ ದಂತ ಚಿಕಿತ್ಸಾಲಯಗಳು ಇಂದು ಸಾಕಷ್ಟು ಎಚ್ಚರ ವಹಿಸುತ್ತಿವೆ. ಆದರೆ ಹಲ್ಲು ಕೊರೆಯುವಾಗ ರೋಗಿಯ ಬಾಯಿಗೆ ಚಿಮ್ಮುವ ನೀರಿನ ಬಗ್ಗೆ ಅಷ್ಟು ಕಾಳಜಿ ಕಾಣುವುದಿಲ್ಲ. 2016ರಲ್ಲಿ ಅಮೆರಿಕದ ಅನಾಹೈಮ್ ನಗರದಲ್ಲಿ ಹಾಲುಹಲ್ಲಿನ ತಿರುಳಿಗೆ ಚಿಕಿತ್ಸೆ ಪಡೆದ ಹತ್ತಾರು ಮಕ್ಕಳಿಗೆ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ ಸೂಕ್ಷ್ಮಜೀವಿಯ ಸೋಂಕು ತಗುಲಿತು. ಅದು ಬಂದದ್ದು ಚಿಕಿತ್ಸೆಗೆ ಬಳಸಿದ ನೀರಿನಿಂದ.

ಈ ನೀರು ಹರಿದುಬರುವ, ಕುರ್ಚಿಯೊಳಗಿನ ಕೊಳವೆಗಳು ಬಹಳ ಸಣ್ಣವು. ರಾತ್ರಿಯಿಡೀ, ರಜೆಯ ದಿನಗಳಲ್ಲಂತೂ ದಿನವಿಡೀ, ನೀರು ಅವುಗಳಲ್ಲಿ ನಿಂತೇ ಇರುತ್ತದೆ. ಆಗ ಸೂಕ್ಷ್ಮಜೀವಿಗಳು ಒಳಗೋಡೆಗೆ ಅಂಟಿಕೊಂಡು, ಪಾಚಿಯಂತೆ ಲೋಳೆಯ ಪದರ ಕಟ್ಟಿ, ನೀರು ಹರಿದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಕಳಚಿ ಹೊರಬರುತ್ತವೆ. ಈ ಲೋಳೆಯ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ.

ಮೊದಲು ನೀರಿನ ಮೂಲವನ್ನು ನೋಡಬೇಕು. ಮಹಡಿಯ ಮೇಲಿನ ಟ್ಯಾಂಕಿನಿಂದ ಬೋರ್‌ವೆಲ್ ನೀರನ್ನು ನೇರವಾಗಿ ಕುರ್ಚಿಗೆ ಕೊಡುವುದಕ್ಕಿಂತ ಪ್ರತ್ಯೇಕ ಬಾಟಲಿಯ ವ್ಯವಸ್ಥೆಯೇ ಮೇಲು, ಏಕೆಂದರೆ ಅದರಲ್ಲಿ ಯಾವ ನೀರು ತುಂಬಬೇಕು, ಯಾವ ಸೋಂಕುನಿವಾರಕ ಬೆರೆಸಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ. ಬಾಟಲಿ ತುಂಬುವವರು ಕೈ ತೊಳೆದುಕೊಂಡಿರಬೇಕು. ಅದರೊಳಗಿನ ನಳಿಕೆಯನ್ನು ಬೆರಳಿನಿಂದ ಮುಟ್ಟಬಾರದು.

ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ ಎಲ್ಲ ನೀರಿನ ಕೊಳವೆಗಳನ್ನೂ ಎರಡು ನಿಮಿಷ ಹರಿಯಬಿಡಬೇಕು. ಹಲ್ಲು ಕೊರೆಯುವ ಕೈ ಉಪಕರಣವಾದ ಹ್ಯಾಂಡ್‌ಪೀಸ್ ನಿಂತಾಗ ರೋಗಿಯ ಎಂಜಲು, ರಕ್ತ ಹಿಂದಕ್ಕೆ ಎಳೆಯಲ್ಪಡುವ ಸಾಧ್ಯತೆ ಇರುವುದರಿಂದ ಪ್ರತಿ ರೋಗಿಯ ನಂತರವೂ 20ರಿಂದ 30 ಸೆಕೆಂಡು ನೀರು ಮತ್ತು ಗಾಳಿಯನ್ನು ಹೊರಬಿಟ್ಟು, ಹ್ಯಾಂಡ್‌ಪೀಸನ್ನು ಕಳಚಿ, ಸ್ವಚ್ಛಗೊಳಿಸಿ, ಎಣ್ಣೆ ಹಾಕಿ, ಆಟೊಕ್ಲೇವ್‌ನಲ್ಲಿಡಬೇಕು. ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನ ರೋಗಿಗೆ ಬಳಸುವ ಅಭ್ಯಾಸವನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಹೀಗೆ ನೀರು ಹರಿಸಿದ ಮಾತ್ರಕ್ಕೆ ಬಯೋಫಿಲ್ಮ್ ಹೋಗುವುದಿಲ್ಲ ಎಂಬುದನ್ನು ಸಿಬ್ಬಂದಿಗೆ ಒತ್ತಿ ಹೇಳಬೇಕು. ಅದಕ್ಕಾಗಿ ಕುರ್ಚಿಯ ತಯಾರಕರು ಸೂಚಿಸಿದ ಸೋಂಕುನಿವಾರಕವನ್ನು, ಅವರು ಹೇಳಿದ ಪ್ರಮಾಣದಲ್ಲಿಯೇ, ಕೊಳವೆಗಳಲ್ಲಿ ತುಂಬಿ, ನಿಗದಿತ ಹೊತ್ತು ನಿಲ್ಲಿಸಿ, ಬಳಿಕ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಅಂದಾಜಿನಲ್ಲಿ ಬ್ಲೀಚಿಂಗ್ ದ್ರಾವಣ ಸುರಿದರೆ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ.

ಮೂಳೆ ಕೊರೆದು ಹಲ್ಲು ಕೀಳುವಂಥ ಶಸ್ತ್ರಚಿಕಿತ್ಸೆಗೆ ಕುರ್ಚಿಯ ನೀರು ಎಷ್ಟೇ ಶುದ್ಧವಿದ್ದರೂ ಸಲ್ಲದು. ಕ್ರಿಮಿರಹಿತ ಸಲೈನನ್ನು ಕ್ರಿಮಿರಹಿತ ಸಿರಿಂಜಿನಿಂದಲೇ ಹಾಕಬೇಕು. ಒಬ್ಬ ರೋಗಿಗೆಂದು ತೆರೆದ ಸಲೈನ್ ಬಾಟಲಿಯನ್ನು, ಅರ್ಧ ಉಳಿದಿದ್ದರೂ, ಮುಚ್ಚಿಟ್ಟು ಇನ್ನೊಬ್ಬರಿಗೆ ಬಳಸುವುದು ಪ್ರಾಣಕ್ಕೇ ಅಪಾಯ ತರಬಲ್ಲದು.

ಇಷ್ಟೆಲ್ಲ ಮಾಡಿದ ಮೇಲೂ ನೀರಿನ ಗುಣಮಟ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಆದ್ದರಿಂದ ಪ್ರತಿಯೊಂದು ಕುರ್ಚಿಯಿಂದಲೂ ಮಾದರಿ ತೆಗೆದು, ಆರಂಭದಲ್ಲಿ ತಿಂಗಳಿಗೊಮ್ಮೆ, ಫಲಿತಾಂಶ ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಮಿಲಿಲೀಟರಿಗೆ 500ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಕಾಲನಿಗಳು, ಅಂದರೆ ಗುಂಪುಗಳು, ಕಂಡುಬಂದರೆ ಆ ಕುರ್ಚಿಯ ಕೊಳವೆಗಳನ್ನು ಮತ್ತೆ ಸೋಂಕುಮುಕ್ತಗೊಳಿಸಿ, ಮರುಪರೀಕ್ಷೆಯ ವರದಿ ಬಂದ ನಂತರವೇ ಅದರಲ್ಲಿ ರೋಗಿಯನ್ನು ಕೂರಿಸುವುದು ಕ್ಷೇಮ.