ಹಳೆ ಹಾರ್ಡ್ ಡಿಸ್ಕಿನ ಮೋಟಾರಿನಿಂದ ಕಂಪ್ಯೂಟರಿಗೊಂದು ಡಯಲ್

ಹಾರ್ಡ್ ಡಿಸ್ಕ್ ಕೆಟ್ಟಿತು ಎಂದು ಎತ್ತಿಟ್ಟಾಗಲೂ ಅದರ ಮೋಟಾರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹೆಡ್ ಹಾಳಾಗಿರಬಹುದು, ಬೋರ್ಡ್ ಸುಟ್ಟಿರಬಹುದು, ತಟ್ಟೆಯ ಮೇಲೆ ಗೀರು ಬಿದ್ದಿರಬಹುದು. ಮೋಟಾರನ್ನು ಬೆರಳಿನಿಂದ ತಿರುಗಿಸಿ ನೋಡಿ, ಸದ್ದೇ ಇಲ್ಲ, ಒಂದೇ ಸಮನೆ ತಿರುಗುತ್ತದೆ. ನಿಮಿಷಕ್ಕೆ 5400 ಅಥವಾ 7200 ಸುತ್ತು, ಅದೂ ವರ್ಷಗಟ್ಟಲೆ ತಿರುಗಲಿ ಎಂದು ಮಾಡಿದ ಬೇರಿಂಗ್ ಅದು. ಬಿಡಿಯಾಗಿ ಸಿಗುವ, ಎಷ್ಟು ತಿರುಗಿತು ಎಂದು ಎಣಿಸಿ ಹೇಳುವ ಸಣ್ಣ ರೋಟರಿ ಎನ್ಕೋಡರ್‌ಗಳಲ್ಲಿ ಈ ನಯ ಇರುವುದಿಲ್ಲ. ಆಡಿಯೋ, ವಿಡಿಯೋ ಎಡಿಟ್ ಮಾಡುವಾಗ ಹಿಂದೆ ಮುಂದೆ ಸರಿಸುತ್ತಾ ಜಾಗ ಹುಡುಕಲು ನನಗೊಂದು ದೊಡ್ಡ ಡಯಲ್ ಬೇಕಿತ್ತು. ಹಾಗಾಗಿ ಹಳೆ ಹಾರ್ಡ್ ಡಿಸ್ಕ್‌ಗಳಿಗೆ ಕೈ ಹಾಕಿದೆ.

ತತ್ವ ಸರಳ. ಕರೆಂಟ್ ಕೊಟ್ಟರೆ ತಿರುಗುವ ಮೋಟಾರನ್ನು ನಾವೇ ತಿರುಗಿಸಿದರೆ ಅದು ಕರೆಂಟ್ ಕೊಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಹಾರ್ಡ್ ಡಿಸ್ಕಿನ ಮೋಟಾರಿನಲ್ಲಿ ಒಳಗೆ ಮೂರು ಗುಂಪು ತಾಮ್ರದ ಸುರುಳಿಗಳು, ಅವುಗಳ ಸುತ್ತ ತಿರುಗುವ ಅಯಸ್ಕಾಂತದ ಉಂಗುರ. ಕೈಯಲ್ಲಿ ತಿರುಗಿಸಿದಾಗ ಮೂರು ಸುರುಳಿಗಳಲ್ಲೂ ಅಲೆ ಅಲೆಯಾಗಿ ವೋಲ್ಟೇಜ್ ಏಳುತ್ತದೆ. ಒಂದರ ಅಲೆಗೂ ಇನ್ನೊಂದರ ಅಲೆಗೂ 120 ಡಿಗ್ರಿ ಅಂತರ. ಯಾವ ಅಲೆ ಮೊದಲು, ಯಾವುದು ಆಮೇಲೆ ಎಂದು ನೋಡಿದರೆ ಯಾವ ಕಡೆ ತಿರುಗುತ್ತಿದೆ ಎಂದು ಗೊತ್ತಾಗುತ್ತದೆ. ಎಷ್ಟು ಅಲೆ ಬಂತು ಎಂದು ಎಣಿಸಿದರೆ ಎಷ್ಟು ತಿರುಗಿತು ಎಂಬುದೂ ಸಿಕ್ಕಿತು.

ಆದರೆ ಶುರುವಿನಲ್ಲೇ ತಿಳಿದಿರಬೇಕಾದ ಒಂದು ವಿಷಯವಿದೆ. ಈ ಮೋಟಾರು ಹೇಳುವುದು ವೇಗವನ್ನು, ಜಾಗವನ್ನಲ್ಲ. ಸೈಕಲ್ ಡೈನಮೋ ಗೊತ್ತಲ್ವಾ? ಜೋರಾಗಿ ತುಳಿದರೆ ದೀಪ ಪ್ರಕಾಶವಾಗಿ ಉರಿಯುತ್ತದೆ, ನಿಧಾನವಾದರೆ ಮಂಕಾಗುತ್ತದೆ, ನಿಂತರೆ ಆರಿಹೋಗುತ್ತದೆ. ಇದೂ ಹಾಗೆಯೇ. ತೀರಾ ನಿಧಾನವಾಗಿ ತಿರುಗಿಸಿದರೆ ಸಿಗ್ನಲ್ಲೇ ಇರುವುದಿಲ್ಲ. ಆದ್ದರಿಂದ ಇದು ಎಂಥ ಕೆಲಸಕ್ಕೆ ಒಗ್ಗುತ್ತದೆ ಎಂದು ನೋಡಿಕೊಂಡೇ ಬಳಸಬೇಕು. ಪುಟ ಸ್ಕ್ರೋಲ್ ಮಾಡಲು, ವಿಡಿಯೋದಲ್ಲಿ ಮುಂದೆ ಹಿಂದೆ ಓಡಾಡಲು ಬಹಳ ಚೆನ್ನ. ಒಂದೊಂದೇ ಅಂಕಿ ಏರಿಸಿ ಇಳಿಸುವ ಕೆಲಸಕ್ಕೆ ಬೇರೆ ಮೋಟಾರು ಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಎಷ್ಟು ವೋಲ್ಟೇಜ್ ಬರಬಹುದು? ಕಾಗದದ ಮೇಲೇ ಅಂದಾಜು ಮಾಡಬಹುದು. ದೊಡ್ಡ, ಅಂದರೆ 3.5 ಇಂಚಿನ ಡಿಸ್ಕಿನ ಮೋಟಾರು 12 ವೋಲ್ಟಿನಲ್ಲಿ ಓಡುತ್ತದೆ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ನಾವು ಕೈಯಲ್ಲಿ ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೆ ಅದರ 120ರಲ್ಲಿ ಒಂದು ಪಾಲು ವೇಗ. ವೋಲ್ಟೇಜೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ, ಹೆಚ್ಚೆಂದರೆ 100 ಮಿಲಿವೋಲ್ಟ್. ಇದು ಎರಡು ತಂತಿಗಳ ನಡುವೆ ಸಿಗುವುದು. ಒಂದು ತಂತಿ ಮತ್ತು ಮೂರೂ ಸುರುಳಿಗಳು ಸೇರುವ ನಡುಬಿಂದುವಿನ ಮಧ್ಯೆ ಅಳೆದರೆ ಸುಮಾರು ಅರ್ಧ, ಅಂದರೆ 50 ಮಿಲಿವೋಲ್ಟ್. ಇಡೀ ಸರ್ಕ್ಯೂಟ್ ನಿಂತಿರುವುದು ಈ ಸಂಖ್ಯೆಯ ಮೇಲೆ. ಇಷ್ಟು ಚಿಕ್ಕ ಸಿಗ್ನಲ್ಲನ್ನು ನೇರವಾಗಿ ಮೈಕ್ರೋಕಂಟ್ರೋಲರಿನ (ಪ್ರೋಗ್ರಾಮ್ ಓಡಿಸುವ ಪುಟ್ಟ ಚಿಪ್ಪಿನ) ಡಿಜಿಟಲ್ ಪಿನ್ನಿಗೆ ಕೊಟ್ಟರೆ ಅದಕ್ಕೆ ಏನೂ ಕಾಣುವುದಿಲ್ಲ.

ಡಿಸ್ಕ್ ಬಿಚ್ಚುವುದಕ್ಕೆ ನಕ್ಷತ್ರದಂಥ ತುದಿಯ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು. ಮುಚ್ಚಳಕ್ಕೆ ಹೆಚ್ಚಾಗಿ ಟಿ8, ಒಳಗಿನ ಸ್ಕ್ರೂಗಳಿಗೆ ಟಿ6. ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಏಳದಿದ್ದರೆ ಲೇಬಲ್ಲಿನ ಅಡಿ ಬೆರಳಾಡಿಸಿ, ಅಲ್ಲೊಂದು ಸ್ಕ್ರೂ ಅಡಗಿರುತ್ತದೆ. ಹೆಡ್ಡಿನ ತೋಳನ್ನು ಆಡಿಸುವ ಅಯಸ್ಕಾಂತಗಳು ತುಂಬಾ ಬಲವಾದವು. ಎರಡರ ನಡುವೆ ಬೆರಳು ಸಿಕ್ಕರೆ ಚರ್ಮ ಕಿತ್ತುಬರುತ್ತದೆ, ಹುಷಾರು. ಇನ್ನೊಂದು ಎಚ್ಚರಿಕೆ ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್‌ಗಳ ಬಗ್ಗೆ. ಅವುಗಳ ತಟ್ಟೆ ಬಹಳಷ್ಟು ಸಲ ಗಾಜಿನದು. ನೋಡಲು ಲೋಹದಂತೆಯೇ ಇರುತ್ತದೆ, ಬಗ್ಗಿಸಲು ಹೋದರೆ ಚೂರು ಚೂರಾಗಿ ಸಿಡಿಯುತ್ತದೆ. ನಾನು 3.5 ಇಂಚಿನದನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಮೋಟಾರನ್ನು ಎರಕದ ತಳದಿಂದ ಬಿಡಿಸಲು ಹೋಗಬೇಡಿ. ಈಚಿನ ಡಿಸ್ಕ್‌ಗಳಲ್ಲಿ ಅದು ತಳಕ್ಕೇ ಅಂಟಿಕೊಂಡಿರುತ್ತದೆ. ಆ ತಳದಿಂದ ಉಪಯೋಗವೂ ಇದೆ. ಅದು ಭಾರವಾಗಿರುವುದರಿಂದ ತಿರುಗಿಸುವಾಗ ಡಯಲ್ ಮೇಜಿನ ಮೇಲೆ ಜಾರುವುದಿಲ್ಲ. ಕೆಳಗೆ ನಾಲ್ಕು ರಬ್ಬರ್ ಪಾದ ಅಂಟಿಸಿದರೆ ಸಾಕು.

ತಳದ ಹಿಂಬದಿಯಲ್ಲಿ ಮೋಟಾರಿನ ತುದಿಗಳು ಕಾಣುತ್ತವೆ, ಸಾಮಾನ್ಯವಾಗಿ ನಾಲ್ಕು. ಮೂರು ಸುರುಳಿಗಳವು, ನಾಲ್ಕನೆಯದು ಮೂರೂ ಸೇರುವ ನಡುಬಿಂದು. ಯಾವುದು ನಡುಬಿಂದು ಎಂದು ಮಲ್ಟಿಮೀಟರಿನಲ್ಲಿ ಪತ್ತೆಮಾಡಬಹುದು. ನಡುಬಿಂದುವಿನಿಂದ ಉಳಿದ ಯಾವುದಕ್ಕೆ ಅಳೆದರೂ ಒಂದೇ ಬೆಲೆ ಬರುತ್ತದೆ, ಉಳಿದ ಎರಡೆರಡರ ನಡುವೆ ಅದರ ಎರಡರಷ್ಟು. ಎಲ್ಲವೂ ಕೆಲವೇ ಓಮ್ ಇರುವುದರಿಂದ ಮೊದಲು ಮೀಟರಿನ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, ಅಲ್ಲಿ ಬಂದದ್ದನ್ನು ಕಳೆಯಿರಿ. ಮೂರೇ ತುದಿ ಇರುವ ಮೋಟಾರು ಸಿಕ್ಕಿದರೂ ಚಿಂತೆಯಿಲ್ಲ. ಒಂದನ್ನು ಆಧಾರವಾಗಿ ಇಟ್ಟುಕೊಂಡು ಉಳಿದೆರಡನ್ನು ಸಿಗ್ನಲ್ ಮಾಡಿಕೊಳ್ಳಬಹುದು. ಬೆಸುಗೆ ಹಾಕಲು ತೆಳು ತಂತಿಯನ್ನೇ ಬಳಸಿ. ದಪ್ಪ ತಂತಿ ಎಳೆದಾಗ ಆ ತುದಿಗಳಿರುವ ಚಪ್ಪಟೆ ಪಟ್ಟಿ ಕಿತ್ತುಬರುತ್ತದೆ. ಬೆಸುಗೆಯ ಮೇಲೆ ಗ್ಲೂ ಗನ್ನಿನ ಅಂಟು ಹಾಕಿದರೆ ತಂತಿ ಅಲುಗುವುದಿಲ್ಲ.

ಇನ್ನು ಸರ್ಕ್ಯೂಟ್. ಎಲ್‌ಎಂ339 ಚಿಪ್ಪಿನಲ್ಲಿ ನಾಲ್ಕು ಕಂಪ್ಯಾರೇಟರ್‌ಗಳಿವೆ, ನಮಗೆ ಮೂರು ಸಾಕು. ಕಂಪ್ಯಾರೇಟರ್ ಎಂದರೆ ಎರಡು ವೋಲ್ಟೇಜುಗಳಲ್ಲಿ ಯಾವುದು ಹೆಚ್ಚು ಎಂದು ಹೋಲಿಸಿ ಹೇಳುವಂಥದ್ದು. ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳಿಂದ 5 ವೋಲ್ಟನ್ನು ಅರ್ಧಕ್ಕೆ ಇಳಿಸಿ, ಆ 2.5 ವೋಲ್ಟನ್ನು ಮೋಟಾರಿನ ನಡುಬಿಂದುವಿಗೂ ಮೂರೂ ಕಂಪ್ಯಾರೇಟರ್‌ಗಳ ಮೈನಸ್ ಕಾಲಿಗೂ ಕೊಟ್ಟೆ. ಅಲ್ಲಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್. ಪ್ರತಿ ಸುರುಳಿಯ ತುದಿಯಿಂದ 10 ಕಿಲೋ ಓಮ್ ಮೂಲಕ ಪ್ಲಸ್ ಕಾಲಿಗೆ. ಔಟ್‌ಪುಟ್ಟಿನಿಂದ 5 ವೋಲ್ಟಿಗೆ 10 ಕಿಲೋ ಓಮ್ ಬೇಕೇ ಬೇಕು, ಏಕೆಂದರೆ ಈ ಚಿಪ್ಪು ಔಟ್‌ಪುಟ್ಟನ್ನು ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು.

ಉಳಿದ ಒಂದು ರೆಸಿಸ್ಟರ್ ಔಟ್‌ಪುಟ್ಟಿನಿಂದ ವಾಪಸ್ ಪ್ಲಸ್ ಕಾಲಿಗೆ ಬರುವಂಥದ್ದು. ಈ ಡಯಲ್ ಕೈಗೆ ಹೇಗೆ ಅನಿಸುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ. ಅದಿಲ್ಲದಿದ್ದರೆ ಡಯಲ್ ಸುಮ್ನೆ ನಿಂತಿದ್ದಾಗಲೂ ಔಟ್‌ಪುಟ್ ಪಟಪಟ ಎನ್ನುತ್ತಿರುತ್ತದೆ. ಅಲ್ಲಿ 1 ಮೆಗಾ ಓಮ್ ಹಾಕಿದರೆ ಸಿಗ್ನಲ್ ಸುಮಾರು 25 ಮಿಲಿವೋಲ್ಟ್ ಮೇಲೆ ಅಥವಾ ಕೆಳಗೆ ಹೋದಾಗ ಮಾತ್ರ ಔಟ್‌ಪುಟ್ ಬದಲಾಗುತ್ತದೆ. ಮೇಲಿನ ಲೆಕ್ಕದಂತೆ ಅದಕ್ಕೆ ಸೆಕೆಂಡಿಗೆ ಅರ್ಧ ಸುತ್ತಾದರೂ ಬೇಕು, ಅದು ಜಾಸ್ತಿಯಾಯಿತು. 4.7 ಮೆಗಾ ಓಮ್ ಹಾಕಿದರೆ ಸುಮಾರು 5 ಮಿಲಿವೋಲ್ಟ್ ಸಾಕು, ಹತ್ತು ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೂ ಹಿಡಿಯುತ್ತದೆ. 5 ಮಿಲಿವೋಲ್ಟಿಗಿಂತ ಕೆಳಗೆ ಹೋಗಿ ಪ್ರಯೋಜನವಿಲ್ಲ. ಕಂಪ್ಯಾರೇಟರಿನ ಸ್ವಂತ ತಪ್ಪೇ ಕೆಲವು ಮಿಲಿವೋಲ್ಟ್ ಇರುತ್ತದೆ. ಸುರುಳಿಗಳ ರೆಸಿಸ್ಟೆನ್ಸ್ ತೀರಾ ಕಡಿಮೆಯಾದ್ದರಿಂದ ಹೊರಗಿನ ಗದ್ದಲ ಇದಕ್ಕೆ ಅಷ್ಟಾಗಿ ತಾಗುವುದಿಲ್ಲ. ನಾನು 4.7ರಲ್ಲೇ ನಿಲ್ಲಿಸಿದೆ.

ಮೂರು ಔಟ್‌ಪುಟ್‌ಗಳನ್ನು ಮೂರು ಬಿಟ್‌ಗಳಾಗಿ ಓದಿದರೆ 001, 011, 010, 110, 100, 101 ಎಂಬ ಆರು ಸ್ಥಿತಿಗಳು ಸರದಿಯಲ್ಲಿ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದೇ ಬಿಟ್ ಬದಲಾಗುತ್ತದೆ. ನನ್ನ ಮೋಟಾರಿನಲ್ಲಿ ಅಯಸ್ಕಾಂತದ 12 ಧ್ರುವಗಳಿವೆ. ಅಂದರೆ ಒಂದು ಸುತ್ತಿಗೆ ಆರು ಅಲೆ, ಒಂದು ಅಲೆಗೆ ಆರು ಸ್ಥಿತಿ, ಒಟ್ಟು 36 ಹೆಜ್ಜೆ. ಮಾಮೂಲಿ ಎನ್ಕೋಡರಿನಲ್ಲಿ ಸುತ್ತಿಗೆ 20 ಅಥವಾ 24 ಟಿಕ್ ಇರುತ್ತವೆ, ಅದಕ್ಕೆ ಹೋಲಿಸಿದರೆ ಇದು ಚೆನ್ನಾಗಿಯೇ ಇದೆ. ಎಷ್ಟೇ ಜೋರಾಗಿ ತಿರುಗಿಸಿ, ಸೆಕೆಂಡಿಗೆ ಐದು ಸುತ್ತು ಎಂದುಕೊಂಡರೂ 180 ಹೆಜ್ಜೆ. ಮಿಲಿಸೆಕೆಂಡಿಗೊಮ್ಮೆ ಪಿನ್ ಓದಿದರೆ ಧಾರಾಳವಾಯಿತು, ಪಿನ್ ಬದಲಾದ ಕೂಡಲೇ ಪ್ರೋಗ್ರಾಮನ್ನು ತಡೆದು ಎಚ್ಚರಿಸುವ ಇಂಟರಪ್ಟ್ ಬೇಕಿಲ್ಲ.

ಮಾಮೂಲಿ ಎನ್ಕೋಡರಿಗೆ ಬರೆದ ಪ್ರೋಗ್ರಾಮನ್ನು ಹಾಗೇ ಹಾಕಿದರೆ ಇಲ್ಲಿ ಸರಿಹೋಗುವುದಿಲ್ಲ. ಕಾರಣ ಬಹಳ ಸ್ವಾರಸ್ಯವಾಗಿದೆ. ತಿರುಗುವ ದಿಕ್ಕು ಬದಲಾದ ಕೂಡಲೇ ವೋಲ್ಟೇಜಿನ ಚಿಹ್ನೆಯೂ ತಿರುಗುಮುರುಗಾಗುತ್ತದೆ, ಮೂರೂ ಸುರುಳಿಗಳಲ್ಲಿ. 001 ಇದ್ದದ್ದು 110 ಆಗಿಬಿಡುತ್ತದೆ. ತಟ್ಟೆ ಅದೇ ಜಾಗದಲ್ಲಿದ್ದರೂ ಪ್ರೋಗ್ರಾಮಿಗೆ ಮೂರು ಹೆಜ್ಜೆ ಹಾರಿದಂತೆ ಕಾಣುತ್ತದೆ. ಅದೂ ಒಂದೇ ಏಟಿಗಲ್ಲ. ಕಂಪ್ಯಾರೇಟರ್‌ಗಳು ಒಂದರ ಹಿಂದೆ ಒಂದು ಬದಲಾಗುವುದರಿಂದ ನಡುವೆ 111 ಅಥವಾ 000 ಬರಬಹುದು, ಇಲ್ಲವೇ ನಿಜವಾದ ಹೆಜ್ಜೆಯಂತೆಯೇ ಕಾಣುವ ಒಂದು ಸುಳ್ಳು ಹೆಜ್ಜೆ ಬರಬಹುದು. ಇದಕ್ಕೆ ನಾನು ಮಾಡಿಕೊಂಡ ನಿಯಮ ಹೀಗಿದೆ. 000 ಮತ್ತು 111 ಬಂದರೆ ಲೆಕ್ಕಕ್ಕಿಲ್ಲ. ಪಕ್ಕದ್ದಲ್ಲದ ಸ್ಥಿತಿಗೆ ಹಾರಿದರೆ ಹೊಸ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವುದು, ಎಣಿಕೆ ಮಾತ್ರ ಇಲ್ಲ. ಡಯಲ್ ನಿಂತು ಮತ್ತೆ ಹೊರಟಾಗ ಅಥವಾ ದಿಕ್ಕು ಬದಲಾದಾಗ, ಒಂದೇ ದಿಕ್ಕಿನಲ್ಲಿ ಎರಡು ಹೆಜ್ಜೆ ಬಂದ ಮೇಲೆಯೇ ಕಂಪ್ಯೂಟರಿಗೆ ಕಳಿಸುವುದು. ಹೀಗೆ ಮಾಡಿದಾಗ ದಿಕ್ಕು ಬದಲಿಸುವಲ್ಲಿ ಒಂದೆರಡು ಹೆಜ್ಜೆ ಕಳೆದುಹೋಗುತ್ತವೆ, ನಿಜ. ಸ್ಕ್ರೋಲ್ ಮಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ತಪ್ಪು ದಿಕ್ಕಿಗೆ ಒಂದು ಸಲ ಜಿಗಿದರೆ ಮಾತ್ರ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಎಟಿಮೆಗಾ32ಯು4 ಚಿಪ್ ಇರುವ ಬೋರ್ಡ್, ಉದಾಹರಣೆಗೆ ಆರ್ಡುಯಿನೋ ಲಿಯೊನಾರ್ಡೊ, ಯುಎಸ್‌ಬಿಯಲ್ಲಿ ನೇರವಾಗಿ ಮೌಸ್ ಅಥವಾ ಕೀಬೋರ್ಡ್ ಎಂದು ಪರಿಚಯಿಸಿಕೊಳ್ಳುತ್ತದೆ. ಹೆಜ್ಜೆ ಬಂದಾಗ ಮೌಸಿನ ಚಕ್ರ ತಿರುಗಿದಂತೆ ಅಥವಾ ಬಾಣದ ಕೀ ಒತ್ತಿದಂತೆ ಕಳಿಸಿದರೆ ಆಯಿತು, ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ಹಾಕಬೇಕಿಲ್ಲ. ಎರಡು ಹೆಜ್ಜೆಗಳ ನಡುವಿನ ಸಮಯ ಕಡಿಮೆಯಿದ್ದರೆ ಒಂದರ ಬದಲು ಮೂರು, ನಾಲ್ಕು ಕಳಿಸುವಂತೆ ಮಾಡಿದ್ದೇನೆ. ಉದ್ದದ ರೆಕಾರ್ಡಿಂಗಿನಲ್ಲಿ ಇದು ತುಂಬಾ ಅನುಕೂಲ.

ಹಿಡಿಕೆಯಾಗಿ ಡಿಸ್ಕಿನದೇ ತಟ್ಟೆ. 95 ಮಿಲಿಮೀಟರ್ ಅಗಲ, ಅಂಗೈ ಇಡಲು ಹೇಳಿ ಮಾಡಿಸಿದ ಅಳತೆ. ಮೊದಲಿದ್ದ ಸ್ಕ್ರೂಗಳಲ್ಲೇ ಬಿಗಿಯಾಗಿ ಕೂರುತ್ತದೆ. ಒಂದೇ ತಟ್ಟೆ ಹಾಕಿದರೆ ಬೇಗ ನಿಲ್ಲುತ್ತದೆ. ಎರಡು ಹಾಕಿದರೆ ಕೈಬಿಟ್ಟ ಮೇಲೂ ಸ್ವಲ್ಪ ಹೊತ್ತು ತಾನಾಗಿ ತಿರುಗುತ್ತದೆ, ಪುಟವೂ ಅದರ ಜೊತೆಗೇ ನಿಧಾನವಾಗಿ ಸರಿದು ನಿಲ್ಲುತ್ತದೆ. ನನಗೆ ಎರಡು ಇಷ್ಟ. ಕನ್ನಡಿಯಂಥ ಮೈಯಾದ್ದರಿಂದ ಬೆರಳಚ್ಚು ಬೀಳುತ್ತಲೇ ಇರುತ್ತದೆ. ಅಂಚಿನ ಹತ್ತಿರ ಒಂದು ಚಿಕ್ಕ ರಬ್ಬರ್ ಬಿಲ್ಲೆ ಅಂಟಿಸಿಕೊಂಡರೆ ಒಂದೇ ಬೆರಳಲ್ಲಿ ತಿರುಗಿಸಬಹುದು.

ಟಿಕ್ ಟಿಕ್ ಎಂದು ಕೈಗೆ ಗೊತ್ತಾಗುವ ಡಯಲ್ ಬೇಕಿದ್ದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ಹುಡುಕಿ. ಹಳೆ ಫ್ಲಾಪಿ ಡ್ರೈವ್‌ಗಳಲ್ಲಿ, ಪ್ರಿಂಟರ್‌ಗಳಲ್ಲಿ ಇರುತ್ತದೆ. ಸುತ್ತಿಗೆ 200 ಹೆಜ್ಜೆಯದು ಸಿಕ್ಕಿದರೆ ಬಿಡಬೇಡಿ. ಇದರಲ್ಲಿ ಎರಡೇ ಸುರುಳಿ, ಅಲೆಗಳ ಅಂತರ 90 ಡಿಗ್ರಿ, ಎರಡು ಕಂಪ್ಯಾರೇಟರ್ ಸಾಕು. ನಾಲ್ಕು ತಂತಿಯ ಮೋಟಾರಿನಲ್ಲಿ ಯಾವ ಎರಡು ತಂತಿ ಒಂದು ಜೋಡಿ ಎಂದು ತಿಳಿಯಲು ಮೀಟರೂ ಬೇಡ. ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿ ಶಾಫ್ಟ್ ತಿರುಗಿಸಿ ನೋಡಿ. ಬಿಗಿಯಾದರೆ ಅವು ಜೋಡಿ. ಸ್ಟೆಪ್ಪರ್ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ತಾನಾಗಿ ಜಿಗಿಯುತ್ತದೆ. ಹಾಗಾಗಿ ನಿಧಾನವಾಗಿ ತಿರುಗಿಸಿದರೂ ಆ ಜಿಗಿತದಲ್ಲಿ ವೋಲ್ಟೇಜ್ ಬಂದುಬಿಡುತ್ತದೆ. ಜಿಗಿದು ಕೂರುವಾಗ ಸ್ವಲ್ಪ ಹಿಂದೆ ಮುಂದೆ ಅಲುಗುವುದರಿಂದ ಸುಳ್ಳು ಹೆಜ್ಜೆಗಳೂ ಬರುತ್ತವೆ. ಇದಕ್ಕೆ 1 ಮೆಗಾ ಓಮ್ ರೆಸಿಸ್ಟರೇ ಸರಿ. ವೋಲ್ಟೇಜ್ ಹೆಚ್ಚಿರುವುದರಿಂದ ಅದು ಭಾರವಾಗುವುದಿಲ್ಲ.

ನಿಂತಲ್ಲೇ ಜಾಗ ಹೇಳುವ ಡಯಲ್ ಬೇಕೇ ಬೇಕು ಎನ್ನುವವರಿಗೆ ಅಯಸ್ಕಾಂತ ಯಾವ ಕಡೆ ತಿರುಗಿದೆ ಎಂದು ಅಳೆಯುವ ಎಎಸ್5600 ಸೆನ್ಸರ್ ಇದೆ. ಒಂದು ಸುತ್ತನ್ನು 4096 ಪಾಲು ಮಾಡಿ ಹೇಳುತ್ತದೆ. ಶಾಫ್ಟಿನ ನಡುಮಧ್ಯಕ್ಕೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿ, ಅದರಿಂದ ಅರ್ಧದಿಂದ ಮೂರು ಮಿಲಿಮೀಟರ್ ದೂರದಲ್ಲಿ ಸೆನ್ಸರ್ ಇಡಬೇಕು. ಅಯಸ್ಕಾಂತದ ಉತ್ತರ, ದಕ್ಷಿಣ ಧ್ರುವಗಳು ಮೇಲೆ ಕೆಳಗಲ್ಲ, ಅಕ್ಕಪಕ್ಕ ಇರಬೇಕು. ಹಾರ್ಡ್ ಡಿಸ್ಕಿನಲ್ಲಿ ಹೀಗೆ ಮಾಡಲು ತಟ್ಟೆಯ ಮೇಲೆ ಅಡ್ಡಪಟ್ಟಿ ಕಟ್ಟಿ ಸೆನ್ಸರ್ ಹಿಡಿಸಬೇಕಾಗುತ್ತದೆ, ಅದು ಕೈಗೆ ಅಡ್ಡ ಬರುತ್ತದೆ. ಶಾಫ್ಟ್ ಹಿಂಬದಿಗೂ ಚಾಚಿಕೊಂಡಿರುವ ಸ್ಟೆಪ್ಪರ್ ಸಿಕ್ಕಿದರೆ ಅಲ್ಲಿ ಅಂಟಿಸುವುದು ಸಲೀಸು.