ಕಿವಿ, ಕೆನ್ನೆ, ಕಣತಲೆ ನೋವು: ಮೂಲ ಹಲ್ಲನ್ನು ಹಿಡಿಯುವುದು ಹೇಗೆ?

ಡಿಸೆಂಬರ್–ಜನವರಿಯ ಕಾಫಿ ಕೊಯ್ಲಿನಲ್ಲಿ ಕಿವಿ ನೋಯತೊಡಗಿದರೆ ಮೂಡಿಗೆರೆ, ಸಕಲೇಶಪುರದ ಕಡೆ ಶೀತಗಾಳಿಗೆ ಬೈದು ಹತ್ತಿ ತುರುಕಿಕೊಳ್ಳುವವರೇ ಹೆಚ್ಚು. ಕಿವಿ ಸೋರುತ್ತಿಲ್ಲ, ಹಾಲೆ ಎಳೆದರೆ ನೋವು ಹೆಚ್ಚುವುದಿಲ್ಲ, ಮಲಗಿದೊಡನೆ ಮಾತ್ರ ಸಿಡಿಯುತ್ತದೆ ಎಂದಾದರೆ ಅದೇ ಬದಿಯ ಕೆಳದವಡೆ ಹಲ್ಲುಗಳನ್ನು ಅನುಮಾನಿಸಿ. ಮೇಲಿನ ದವಡೆ ಹಲ್ಲಿನ ನೋವು ಕೆನ್ನೆ, ಕಣತಲೆಗೆ ಏರುತ್ತದೆ. ಹಲ್ಲು, ಮುಖ ಎರಡರ ಸುದ್ದಿಯನ್ನೂ ಟ್ರೈಜೆಮಿನಲ್ ನರವೇ ಒಯ್ಯುವುದರಿಂದ ಎಲ್ಲಿಂದ ಬಂತೆಂದು ಮಿದುಳಿಗೆ ಗುರುತು ಸಿಗುವುದಿಲ್ಲ. ಮೇಲಿನ ಹಲ್ಲು ಕೆಟ್ಟು ಕೆಳಗಿನದು ನೋಯುವುದೂ ಉಂಟು. ಎಡದ ನೋವು ಬಲಕ್ಕೆ ದಾಟುವುದು ಮಾತ್ರ ಅಪರೂಪ. ಹಾಗಾಗಿ ರೋಗಿ ತೋರಿಸಿದ ಬದಿಯನ್ನು ನಂಬಿ, ಹಲ್ಲನ್ನು ನಂಬಬೇಡಿ.

ಪರೀಕ್ಷೆಗೆ ಮುಂಚೆ ನೋವಿನ ಮಾತ್ರೆ, ಲವಂಗದ ಎಣ್ಣೆ ಬೇಡ, ಸುಳಿವೇ ಅಳಿಸಿಹೋಗುತ್ತದೆ. ವೈದ್ಯರು ಮೊದಲು ಇನ್ನೊಂದು ಬದಿಯ ಗಟ್ಟಿ ಹಲ್ಲಿಗೆ ತಣ್ಣನೆಯ ಹತ್ತಿಯುಂಡೆ ಮುಟ್ಟಿಸಿ, ಆಮೇಲೆ ಅನುಮಾನದ ಹಲ್ಲುಗಳನ್ನು ಒಂದೊಂದಾಗಿ ನೋಡುತ್ತಾರೆ. ಗಟ್ಟಿ ಹಲ್ಲಿನ ಜುಮ್ಮು ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಹತ್ತಿ ತೆಗೆದ ಮೇಲೂ 30 ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಂಡರೆ ಒಳಗಿನ ತಿರುಳು ಉರಿಗೊಂಡಿದೆ. ಬಿಸಿ ಕಾಫಿಗೆ ಸಿಡಿದು ತಣ್ಣೀರು ಮುಕ್ಕಳಿಸಿದರೆ ತಗ್ಗುವ ಹಲ್ಲಿನ ತಿರುಳು ಬಹುತೇಕ ಸಾಯುವ ಹಂತದಲ್ಲಿರುತ್ತದೆ. ಐಸ್ ತುಂಡಿನಿಂದ ಮನೆಯಲ್ಲೇ ನೋಡುವುದು ಅಷ್ಟು ಭರವಸೆಯದಲ್ಲ, ಕರಗಿದ ನೀರು ಪಕ್ಕದ ಹಲ್ಲಿಗೂ ಹರಿಯುತ್ತದೆ.

ಗೋಟಡಿಕೆ ಕಡಿಯುವವರಲ್ಲಿ ಹಲ್ಲಿನ ಬಿರುಕನ್ನು ಮರೆಯಬಾರದು. ಕಚ್ಚುವಾಗಿಗಿಂತ ಕಚ್ಚಿ ಬಿಟ್ಟ ಕ್ಷಣ ಚುಚ್ಚಿದರೆ ಅದೇ ಗುರುತು. ಒಂದೊಂದು ಮೊನೆಗೂ ಪ್ರತ್ಯೇಕವಾಗಿ ಕಚ್ಚುಪಟ್ಟಿ ಇಟ್ಟು ನೋಡಬೇಕು. ಬಿರುಕು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣದು. ತಿರುಳಿನ ಆರಂಭದ ಉರಿಯೂತವೂ ಅಷ್ಟೆ, ಹಾಗಾಗಿ ಎಕ್ಸ್-ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಹಲ್ಲನ್ನು ಬಿಟ್ಟುಬಿಡಬೇಡಿ. ಎರಡು ಹಲ್ಲಿನ ಸಂದಿಯ ಹುಳುಕು, ಹಳೆಯ ಫಿಲ್ಲಿಂಗ್ ಅಡಿಯ ಹುಳುಕು ಹುಡುಕಲು ಬೈಟ್‌ವಿಂಗ್ ಚಿತ್ರವನ್ನೇ (ಮೇಲಿನ, ಕೆಳಗಿನ ಹಲ್ಲುಗಳ ತಲೆಭಾಗವನ್ನು ಒಟ್ಟಿಗೆ ತೋರಿಸುವ ಎಕ್ಸ್-ರೇ) ಕೇಳಿ.

ಇಷ್ಟಾದರೂ ಮೇಲಿನದೋ ಕೆಳಗಿನದೋ ತಿಳಿಯದಿದ್ದರೆ, ನೋವು ಇರುವಾಗಲೇ ಒಂದು ದವಡೆಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾಯುತ್ತಾರೆ. ನೋವು ಹೋದರೆ ಮೂಲ ಆ ದವಡೆಯಲ್ಲೇ ಇದೆ. ಯಾವ ಹಲ್ಲು ಎಂಬುದನ್ನು ಇದು ಖಚಿತವಾಗಿ ಹೇಳದು, ಪಕ್ಕದ ಹಲ್ಲುಗಳೂ ಮರಗಟ್ಟಿರುತ್ತವೆ. ಯಾವುದಾದರೊಂದು ಪರೀಕ್ಷೆಯಲ್ಲಿ ಅದೇ ನೋವು ಮರಳಿ ಬರುವವರೆಗೆ ಹಲ್ಲು ಕೀಳಿಸಲು ಒಪ್ಪಬೇಡಿ.

ಬಗ್ಗಿದಾಗ ಹೆಚ್ಚುವ, ಮೇಲಿನ ಹಲ್ಲೆಲ್ಲ ಒಟ್ಟಿಗೆ ನೋಯುವ ಬಾಧೆ ಸೈನಸ್‌ನದಿರಬಹುದು. ಮುಖ ತೊಳೆಯುವಾಗ ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಬಂದುಹೋಗುವುದು ನರದ್ದಿರಬಹುದು. ಏರು ಹತ್ತುವಾಗ ದವಡೆ ಹಿಡಿದು, ನಿಂತರೆ ಬಿಡುತ್ತದೆಯೇ? ಅದು ಹೃದಯದ ನೋವಿರಬಹುದು, ದಂತವೈದ್ಯರಿಗಿಂತ ಮೊದಲು ಇಸಿಜಿ ಮಾಡಿಸಿ.