ಕೆಲಸ ಬಿಟ್ಟಾಗ ಪೆನ್ಷನ್ ದುಡ್ಡು ತೆಗೆಯಬೇಡಿ, ಸ್ಕೀಮ್ ಸರ್ಟಿಫಿಕೇಟ್ ಕೇಳಿ

ಬೈಕಂಪಾಡಿ ಕಡೆಯ ಕಂಪನಿಗಳಲ್ಲಿ, ಗೇರುಬೀಜದ ಫ್ಯಾಕ್ಟರಿಗಳಲ್ಲಿ ದುಡಿಯುವವರು ದಯವಿಟ್ಟು ಗಮನಿಸಿ. ಹತ್ತು ವರ್ಷ ತುಂಬುವ ಮೊದಲೇ ಕೆಲಸ ಹೋದರೆ, ಪಿಎಫ್ ಜೊತೆ ಪೆನ್ಷನ್ ಭಾಗವನ್ನೂ ತೆಗೆದುಬಿಡಬೇಡಿ. ಪೆನ್ಷನ್ ಹಣ ತೆಗೆಯಲು ತುಂಬುವ ಫಾರ್ಮ್ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ, ಅಂದರೆ ಅಲ್ಲಿಯವರೆಗಿನ ಸರ್ವಿಸ್ ಉಳಿಸಿಡುವ ಪತ್ರ. ಯಾಕಂದ್ರೆ ಇಪಿಎಸ್ (ಪಿಎಫ್ ಜೊತೆಗಿರುವ ಪೆನ್ಷನ್ ಯೋಜನೆ) ಪೆನ್ಷನ್ನಿಗೆ ಕನಿಷ್ಠ 10 ವರ್ಷದ ಸರ್ವಿಸ್ ಬೇಕು. ಹಣ ತೆಗೆದರೆ ಅಲ್ಲಿಯವರೆಗಿನ ಸರ್ವಿಸ್ ಸೊನ್ನೆ. ಸರ್ಟಿಫಿಕೇಟ್ ಇದ್ದರೆ ಗೇರುಬೀಜದ ಫ್ಯಾಕ್ಟರಿಯ 6 ವರ್ಷಕ್ಕೆ ಮುಂದೆ ಉಡುಪಿಯ ಹೋಟೆಲಿನ 4 ವರ್ಷ ಸೇರಿ ಹತ್ತಾಗುತ್ತದೆ, 58ರಿಂದ ತಿಂಗಳು ತಿಂಗಳು ಪೆನ್ಷನ್ ಬರುತ್ತದೆ. ಕನಿಷ್ಠ ಪೆನ್ಷನ್ ಬರೀ 1,000 ರೂಪಾಯಿ, ಜಾಸ್ತಿ ಏನಲ್ಲ, ನಿಜ. ಆದರೆ ನಮ್ಮ ನಂತರ ಗಂಡ ಅಥವಾ ಹೆಂಡತಿಗೂ ಫ್ಯಾಮಿಲಿ ಪೆನ್ಷನ್ ಇದೆ, ಅದನ್ನು ಸುಮ್ನೆ ಬಿಡುವುದು ಯಾಕೆ? ತಕ್ಷಣ ಹೊಸ ಕೆಲಸ ಸಿಕ್ಕಿದರೆ ಸರ್ಟಿಫಿಕೇಟ್ ಬೇಡ, ಹಳೇ ಯುಎಎನ್ ನಂಬರನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಕೊಟ್ಟು ಟ್ರಾನ್ಸ್‌ಫರ್ ಮಾಡಿಸಿ. ವಯಸ್ಸು 58 ಆಗಿದ್ದು ಹತ್ತು ವರ್ಷ ತುಂಬದಿದ್ದವರಿಗೆ ಇದು ಉಪಯೋಗವಿಲ್ಲ, ಹಣವನ್ನೇ ತೆಗೆದುಕೊಳ್ಳಿ. 2014ರ ಸೆಪ್ಟೆಂಬರ್ 1ರಿಂದ ಈಚೆಗೆ ಮೊದಲ ಸಲ ಪಿಎಫ್‌ಗೆ ಸೇರುವಾಗಲೇ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 15,000 ರೂಪಾಯಿ ದಾಟಿದ್ದವರು ಇಪಿಎಸ್‌ನಲ್ಲೇ ಇರುವುದಿಲ್ಲ. ಪಾಸ್‌ಬುಕ್ ತೆರೆದು ಪೆನ್ಷನ್ ಕಾಲಂ ನೋಡಿ, ಅಲ್ಲಿ ತಿಂಗಳು ತಿಂಗಳು ಹಣ ಬಿದ್ದಿದ್ದರೆ ನೀವು ಇದ್ದೀರಿ.